ಕಬಾಯಿ, ಖಾಕಿ ಮತ್ತು ಗೋಕರ್ಣದ ಪಂಚೆ

ಲಾಂಗ್ ವೀಕೆಂಡ್ ಹತ್ತಿರ ಬಂತು ಅಂದರೆ ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನುಗಳಲ್ಲಿ ಎರಡು ಪ್ರಶ್ನೆ ಕೇಳಿಬರುತ್ತವೆ. ಗೋಕರ್ಣಕ್ಕೆ ಬಸ್ ಟಿಕೆಟ್ ಸಿಕ್ತಾ ಅನ್ನೋದು ಒಂದು. ಅಲ್ಲಿಗೆ ಏನು ಬಟ್ಟೆ ಒಯ್ಯೋದು ಅನ್ನೋದು ಇನ್ನೊಂದು. ಬೋನಸ್ ಬಂದ ವರ್ಷವಾದರೆ ಗೋಕರ್ಣದ ಜಾಗದಲ್ಲಿ ಫುಕೆಟ್, ಬಾಲಿ ಅಂತ ಓದಿಕೊಳ್ಳಿ. ಪಟ್ಟಿ ಮಾತ್ರ ಅದೇ: ಲಿನನ್ ಶರ್ಟು, ದೊಡ್ಡ ಹೂವಿನ ಪ್ರಿಂಟಿರುವ ಅರ್ಧ ತೋಳಿನ ಅಂಗಿ, ಗಾಳಿಯಾಡುವ ಪ್ಯಾಂಟು, ಮ್ಯಾಕ್ಸಿ ಡ್ರೆಸ್ಸು. ಆನ್‌ಲೈನ್ ಅಂಗಡಿಗಳು ಇದಕ್ಕೆಲ್ಲ ‘ರೆಸಾರ್ಟ್ ವೇರ್’ ಅಂತ ಹೆಸರಿಟ್ಟು ಒಂದು ಕಡೆ ಪೇರಿಸಿಟ್ಟಿವೆ.

ಇದರಲ್ಲೊಂದು ತಮಾಷೆ ಇದೆ, ಗಮನಿಸಿದ್ದೀರಾ? ಬೆಂಗಳೂರು ಇರುವುದೇ ಉಷ್ಣವಲಯದಲ್ಲಿ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಎಷ್ಟೋ ಕೆಳಗೆ, ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ನಾವು ಹೊರಟಿರುವುದು ಉಷ್ಣವಲಯದಿಂದ ಉಷ್ಣವಲಯಕ್ಕೆ. ನಮ್ಮ ಅಜ್ಜ ಅಜ್ಜಿಯರು ಬದುಕಿದ್ದೂ ಇಲ್ಲೇ. ಅವರು ದಿನಾ ಉಟ್ಟಿದ್ದೇ ಉಷ್ಣವಲಯದ ಬಟ್ಟೆ. ಹಾಗಿದ್ದ ಮೇಲೆ, ಸೆಕೆಗೆ ಹಿತವಾದ ಬಟ್ಟೆಯನ್ನು ನಾವು ರಜಕ್ಕೆ ಅಂತ ಬೇರೆಯಾಗಿ ಕೊಳ್ಳುವ ಹಾಗೆ ಆದದ್ದು ಹೇಗೆ? ಉಳಿದ ಐದು ದಿನ ಹಾಕಿಕೊಳ್ಳೋ ಬಟ್ಟೆ ಯಾವ ಹವೆಗೆ ಹೊಲಿದದ್ದು?

ಬೆವರಿನ ಲೆಕ್ಕ

ಮೊದಲು ಹವೆಯ ವಿಚಾರ ಮುಗಿಸಿಬಿಡೋಣ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ಜೀನ್ಸ್ ನಡೆಯುತ್ತೆ, ಡಿಸೆಂಬರಿನಲ್ಲಿ ಸ್ವೆಟರ್ ಕೂಡ ನಡೆಯುತ್ತೆ. ಘಟ್ಟ ಇಳಿದು ಕುಮಟಾ, ಅಂಕೋಲಾ ಕಡೆ ಹೋದರೆ ಥರ್ಮಾಮೀಟರ್ ತೋರಿಸುವ ಅಂಕಿಯಲ್ಲಿ ಅಷ್ಟೇನೂ ವ್ಯತ್ಯಾಸ ಕಾಣದಿರಬಹುದು. ಆದರೆ ಮೈಗೆ ಗೊತ್ತಾಗುತ್ತೆ.

ಕಾರಣ ಬೆವರು. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ತಣ್ಣಗಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಮೈಯಿಂದ ಹೊತ್ತುಕೊಂಡು ಹೋಗುತ್ತದೆ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆರುವುದೇ ನಿಧಾನ. ಬಯಲುಸೀಮೆಯ ಒಣ ಬಿಸಿಲಿನಲ್ಲಿ ಮೈತುಂಬಾ ಸಡಿಲವಾಗಿ ಹೊದ್ದರೆ ಒಳ್ಳೆಯದು, ಬಿಸಿಲು ನೇರವಾಗಿ ತಾಗುವುದಿಲ್ಲ. ಸಿನಾಯ್ ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಅಂತ ವಿಜ್ಞಾನಿಗಳು ಪರೀಕ್ಷೆ ಮಾಡಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಂಗಿ ಕಪ್ಪಾದರೂ ಬಿಳಿಯಾದರೂ ಮೈಗೆ ತಲುಪುವ ಶಾಖ ಹೆಚ್ಚುಕಡಿಮೆ ಒಂದೇ ಅಂತ ತಿಳಿದುಬಂತು. ಅಂಗಿ ದೊಗಲೆಯಾಗಿದ್ದು ಒಳಗೆ ಗಾಳಿ ಓಡಾಡುತ್ತಿದ್ದರೆ ಬಣ್ಣ ಸೋಲುತ್ತದೆ.

ಕರಾವಳಿಯಲ್ಲಿ ಅಷ್ಟು ಬಟ್ಟೆಯೂ ಭಾರ. ಅಲ್ಲಿ ಬೇಕಾದದ್ದು ತೆಳು, ಸಡಿಲ, ಬೇಗ ಒಣಗುವಂಥದ್ದು. ಕರಾವಳಿಯ ಜನ ಇದನ್ನು ಕಿಲೋಜೂಲ್ ಲೆಕ್ಕ ಹಾಕದೆಯೇ ಕಂಡುಕೊಂಡಿದ್ದರು. ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ಬೈರಾಸು. ಬೈರಾಸು ಅಂದರೆ ಮೈ ಒರೆಸುವ ತೆಳು ಬಟ್ಟೆ. ಬೆವರು ಒರೆಸೋಕೂ ಅದೇ, ಸ್ನಾನಕ್ಕೂ ಅದೇ, ತಲೆಗೆ ಸುತ್ತಿಕೊಂಡರೆ ಮುಂಡಾಸೂ ಅದೇ.

ಒಬ್ಬ ಪ್ರವಾಸಿ, ಇಬ್ಬರು ರಾಜರು

ಈಗ ಇತಿಹಾಸ. 1442ರಲ್ಲಿ ಹೆರಾತಿನ ದೊರೆ ಶಾಹ್ ರುಖ್ ತನ್ನ ರಾಯಭಾರಿಯೊಬ್ಬನನ್ನು ಭಾರತಕ್ಕೆ ಕಳಿಸಿದ. ಹೆಸರು ಅಬ್ದುರ್ ರಜಾಕ್. ಇವತ್ತಿನ ಅಫ್ಘಾನಿಸ್ತಾನದ ಚಳಿಯ ಊರಿಂದ ಹೊರಟು, ಹಡಗು ಹತ್ತಿ, ಕಲ್ಲಿಕೋಟೆಯಲ್ಲಿ ಇಳಿದ. ಅಲ್ಲಿ ಅವನ ಕಣ್ಣಿಗೆ ಮೊದಲು ಬಿದ್ದದ್ದೇ ಜನರ ಬಟ್ಟೆ, ಅಥವಾ ಬಟ್ಟೆ ಇಲ್ಲದಿರುವುದು. ಹೊಕ್ಕುಳಿನಿಂದ ಮೊಣಕಾಲಿನ ಮೇಲಿನವರೆಗೆ ಒಂದು ತುಂಡು, ಅಷ್ಟೇ. ಅವನಿಗೆ ಇನ್ನೂ ಆಶ್ಚರ್ಯವಾದದ್ದು, ರಾಜನಿಗೂ ಭಿಕ್ಷುಕನಿಗೂ ಇದೇ ಉಡುಪು ಅನ್ನುವುದು.

ಅಲ್ಲಿಂದ ಮಂಗಳೂರಿನ ಮೇಲೆ ಘಟ್ಟ ಹತ್ತಿ 1443ರ ಬೇಸಿಗೆಯಲ್ಲಿ ವಿಜಯನಗರ ತಲುಪಿದ. ಹೊಸಪೇಟೆ ಕಡೆಯ ಏಪ್ರಿಲ್-ಮೇ ತಿಂಗಳ ಬಿಸಿಲು ಹೇಗಿರುತ್ತೆ ಅಂತ ಹಂಪಿ ಟ್ರಿಪ್ಪಿಗೆ ಹೋದವರಿಗೆ ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಇಮ್ಮಡಿ ದೇವರಾಯ ಇವನಿಗೆ ದರ್ಶನ ಕೊಟ್ಟಿದ್ದು ರೇಷ್ಮೆಯ ನಿಲುವಂಗಿ ತೊಟ್ಟು, ಕೊರಳಿಗೆ ಮುತ್ತಿನ ಹಾರ ಹಾಕಿಕೊಂಡು. ಆ ನಿಲುವಂಗಿಯ ಹೆಸರು ಅರಬ್ಬಿಯಲ್ಲಿ ‘ಕಬಾ’, ನಮ್ಮ ಕಡೆ ಅದು ‘ಕಬಾಯಿ’ ಆಯಿತು. ಅದರ ಜೊತೆಗೆ ತಲೆಗೆ ಉದ್ದನೆಯ ಶಂಕುವಿನಾಕಾರದ ಟೋಪಿ, ‘ಕುಲ್ಲಾಯಿ’. ಅದು ಪರ್ಷಿಯನ್ನಿನ ‘ಕುಲಾಹ್’. ಮಗುವಿಗೆ ಹಾಕುವ ಟೋಪಿಗೆ ನಮ್ಮಲ್ಲಿ ಕುಲಾವಿ ಅನ್ನುತ್ತೇವಲ್ಲ, ಅದು ಇದೇ ಮನೆತನದ ಮಾತು.

ಅಮೆರಿಕದ ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಈ ಕಬಾಯಿ-ಕುಲ್ಲಾಯಿಗಳ ಬಗ್ಗೆಯೇ ಒಂದು ಒಳ್ಳೆಯ ಲೇಖನ ಬರೆದರು. ಅವರ ವಾದದ ತಿರುಳು ಇಷ್ಟು: ವಿಜಯನಗರದ ಆಸ್ಥಾನದವರು ಈ ಉಡುಪನ್ನು ತೊಟ್ಟಿದ್ದು ಅಂದಿನ ದೊಡ್ಡ ಜಗತ್ತಿಗೆ, ಅಂದರೆ ಬಹಮನಿ ಸುಲ್ತಾನರಿಂದ ಹಿಡಿದು ಪರ್ಷಿಯಾದವರೆಗಿನ ರಾಜತಾಂತ್ರಿಕ ಜಗತ್ತಿಗೆ, ತಾವೂ ಸೇರಿದವರು ಎಂದು ತೋರಿಸಿಕೊಳ್ಳಲು. ಮನೆಯಲ್ಲಿ, ದೇವಸ್ಥಾನದಲ್ಲಿ ಹಳೆಯ ಉಡುಪೇ. ತಿರುಮಲೆಯಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತಿರುವ ಕೃಷ್ಣದೇವರಾಯನ ಲೋಹದ ವಿಗ್ರಹ ನೋಡಿದವರು ನೆನಪಿಸಿಕೊಳ್ಳಿ. ತಲೆಯ ಮೇಲೆ ಕುಲ್ಲಾಯಿ ಇದೆ. ಕೆಳಗೆ ಪಂಚೆ. ಎದೆ ಬರಿದು. ದೇವರ ಮುಂದೆ ಕಬಾಯಿ ಕಳಚಿದ್ದಾನೆ.

ಆಸ್ಥಾನದ ಉಡುಪು ನೋಡಬೇಕಾದರೆ ಲೇಪಾಕ್ಷಿಗೆ ಹೋಗಿ. ಬೆಂಗಳೂರಿನಿಂದ ಸುಮಾರು 120 ಕಿಲೋಮೀಟರ್, ಭಾನುವಾರ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು ಬರಬಹುದು. ವೀರಭದ್ರ ದೇವಸ್ಥಾನದ ಚಾವಣಿಯ ಚಿತ್ರಗಳಲ್ಲಿ ಹದಿನಾರನೇ ಶತಮಾನದ ಅಧಿಕಾರಿಗಳು ಬಿಳಿ ಕಬಾಯಿ, ಎತ್ತರದ ಕುಲ್ಲಾಯಿ ಧರಿಸಿ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರನ್ನೂ ನೋಡುತ್ತಾ ಹೋದರೆ, ಕ್ಲೈಂಟ್ ವಿಸಿಟ್ ದಿನದ ರಿಸೆಪ್ಷನ್ ಹಾಲ್ ನೆನಪಿಗೆ ಬರದಿದ್ದರೆ ಕೇಳಿ.

ಆರು ನೂರು ವರ್ಷದ ಹಿಂದೆಯೂ ಆಫೀಸಿನ ಬಟ್ಟೆ ಬೇರೆ, ಹವೆಯ ಬಟ್ಟೆ ಬೇರೆ ಆಗಿತ್ತು ಅಂತಾಯಿತು. ಆಫೀಸಿನ ಬಟ್ಟೆಯನ್ನು ತೀರ್ಮಾನಿಸುತ್ತಿದ್ದದ್ದು ಸೂರ್ಯ ಅಲ್ಲ, ಎದುರಿಗೆ ಕೂತವರು.

ಇಲ್ಲಿ ಇನ್ನೊಂದು ಮಾತೂ ಸೇರಿಸಬೇಕು. ರಾಜನಿಗೂ ಭಿಕ್ಷುಕನಿಗೂ ಒಂದೇ ಬಟ್ಟೆ ಅನ್ನುವ ರಜಾಕನ ಮಾತು ಕೇಳಲು ಚೆನ್ನಾಗಿದೆ. ಅದೇ ಮಲಬಾರಿನ ದಕ್ಷಿಣಕ್ಕಿದ್ದ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೈಮೇಲೆ ಬಟ್ಟೆ ಹೊದೆಯುವ ಹಕ್ಕಿಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ದಶಕಗಟ್ಟಲೆ ಹೋರಾಡಬೇಕಾಯಿತು. 1859ರಲ್ಲಿ ಅರಮನೆ ಒಪ್ಪಿಗೆ ಕೊಟ್ಟಿತು. ಬರಿಮೈ ಕೆಲವರಿಗೆ ಹವೆಯಾಗಿತ್ತು, ಕೆಲವರಿಗೆ ಆಜ್ಞೆಯಾಗಿತ್ತು. ಹಾಗಾಗಿ “ಹಿಂದಿನವರು ಎಷ್ಟು ಆರಾಮಾಗಿದ್ದರು” ಅಂತ ಹೇಳುವಾಗ ಯಾರು ಆರಾಮಾಗಿದ್ದರು ಅಂತಲೂ ಕೇಳಬೇಕಾಗುತ್ತೆ.

ಫ್ಲಾನೆಲ್ ಸುತ್ತಿಕೊಂಡ ಸಾಹೇಬರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೈನ್ಯ ಅಲ್ಲೇ ಬೀಡುಬಿಟ್ಟಿತ್ತು. ಜ್ವರಕ್ಕೆ ತತ್ತರಿಸಿ, ತಂಪಾದ ಜಾಗ ಹುಡುಕಿ, 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿಕೊಂಡಿತು. ಇವತ್ತಿನ ಕಂಟೋನ್ಮೆಂಟ್, ಎಂ.ಜಿ. ರಸ್ತೆ ಎಲ್ಲ ಅದರದ್ದೇ ಬಳುವಳಿ. ಊರು ಬದಲಾಯಿಸಿದರೇ ಹೊರತು ಬಟ್ಟೆ ಬದಲಾಯಿಸಲು ಅವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ.

ಉಷ್ಣವಲಯದ ಬಗ್ಗೆ ಅವರಿಗಿದ್ದ ನಂಬಿಕೆಗಳು ಇವತ್ತು ಓದಿದರೆ ನಗು ಬರುತ್ತೆ. ಹೊಟ್ಟೆಗೆ ತಂಪು ತಾಗಿದರೆ ಕಾಲರಾ ಬರುತ್ತದೆ ಅಂತ ಉಣ್ಣೆಯ ಫ್ಲಾನೆಲ್ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಅದರ ಹೆಸರೇ ‘ಕಾಲರಾ ಬೆಲ್ಟ್’. ಕಾಲರಾ ಹರಡುವುದು ಕೊಳಕು ನೀರಿನಿಂದ ಅಂತ ಗೊತ್ತಾದ ಮೇಲೂ ಬೆಲ್ಟು ಎಷ್ಟೋ ವರ್ಷ ಉಳಿಯಿತು. ಬಿಸಿಲು ತಲೆಬುರುಡೆ ತೂರಿ ಮಿದುಳಿಗೆ ಹೋಗುತ್ತದೆ ಅಂತ ಬೆಂಡಿನ ಟೋಪಿ. ಬೆನ್ನುಹುರಿಗೆ ತಾಗಬಾರದು ಅಂತ ಅಂಗಿಯ ಹಿಂದೆ ಹತ್ತಿಯ ಮೆತ್ತೆ. 1905ರಲ್ಲಿ ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್, ಉಷ್ಣವಲಯದ ಬೆಳಕು ಬಿಳಿಯರಿಗೆ ಹೇಗೆ ಅಪಾಯ ಅಂತ ಒಂದು ದಪ್ಪ ಪುಸ್ತಕವನ್ನೇ ಬರೆದ. ಸೂರ್ಯನ ಕಿರಣ ತಡೆಯಲು ಅಂತ ‘ಸೊಲಾರೊ’ ಎನ್ನುವ ಬಟ್ಟೆ ಬೇರೆ ಬಂತು. ನಮ್ಮವರು ಪಕ್ಕದ ಗದ್ದೆಯಲ್ಲಿ ತುಂಡು ಪಂಚೆ ಉಟ್ಟು ನಾಟಿ ಮಾಡುತ್ತಿದ್ದರೆ, ಸಾಹೇಬರು ಆ ಬಿಸಿಲಿಗೆ ಯುದ್ಧಕ್ಕೆ ಹೊರಟವರ ಹಾಗೆ ಸಜ್ಜಾಗಿದ್ದರು.

ನಗುವುದು ಸರಿ. ಆದರೆ ಇದರ ಒಳಗೆ ಒಂದು ರಾಜಕೀಯ ಲೆಕ್ಕಾಚಾರವೂ ಇತ್ತು. ಈ ನೆಲದ ಜನರ ಹಾಗೆ ಬಟ್ಟೆ ಹಾಕಿದರೆ ಈ ನೆಲದ ಜನರ ಹಾಗೆ ಆಗಿಬಿಡುತ್ತೇವೆ ಅನ್ನುವ ಭಯ. ಆಳುವವರು ಬೇರೆ ಕಾಣಬೇಕು. ಬೆವರಿದರೂ ಸರಿ, ಬೇರೆ ಕಾಣಬೇಕು. ಮುಂದೆ ಕಚೇರಿ ಸೇರಿದ ನಮ್ಮವರೂ ಅದನ್ನೇ ಕಲಿತರು. ಹಳೆಯ ಮೈಸೂರಿನ ಗುಮಾಸ್ತರ ಫೋಟೋ ನೋಡಿ: ಕೆಳಗೆ ಕಚ್ಚೆ ಪಂಚೆ, ಮೇಲೆ ಕುತ್ತಿಗೆವರೆಗೆ ಗುಂಡಿ ಹಾಕಿದ ಕ್ಲೋಸ್ ಕೋಟು, ತಲೆಗೆ ಪೇಟ. ಸೊಂಟದಿಂದ ಕೆಳಗೆ ಮೈಸೂರಿನ ಹವೆ, ಮೇಲೆ ಸರ್ಕಾರ.

ಇದನ್ನು ತಿರುಗಿಸಿ ಹಾಕಿದವರು ಗಾಂಧೀಜಿ. 1921ರಲ್ಲಿ ಮಧುರೆಯಲ್ಲಿ ಅಂಗಿ, ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. ಬಡವರ ಹತ್ತಿರ ಅದಕ್ಕಿಂತ ಜಾಸ್ತಿ ಬಟ್ಟೆ ಇಲ್ಲ ಅನ್ನುವುದು ಅವರ ಕಾರಣ. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟಕ್ಕೆ ಬಂದಾಗಲೂ ಅದೇ, 1931ರಲ್ಲಿ ಲಂಡನ್ನಿನ ಅರಮನೆಗೆ ಹೋದಾಗಲೂ ಅದೇ. ಸೆಕೆಯ ಬಟ್ಟೆಯನ್ನು ನವೆಂಬರಿನ ಲಂಡನ್ ಚಳಿಗೆ ಉಟ್ಟುಹೋಗುವುದು ಆರಾಮದ ವಿಷಯವಂತೂ ಅಲ್ಲ.

ಮಂಗಳೂರಿನ ಮಣ್ಣಿನ ಬಣ್ಣ

ಸಾಹೇಬರನ್ನು ಉಣ್ಣೆಯ ಕೆಂಪು ಕೋಟಿನಿಂದ ಬಿಡಿಸಿದ ಬಟ್ಟೆಗೆ ಕರ್ನಾಟಕದ ನಂಟಿದೆ. ಜರ್ಮನ್-ಸ್ವಿಸ್ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರಗೊಂಡು ಜಾತಿಯಿಂದ, ಕಸುಬಿನಿಂದ ಹೊರಬಿದ್ದವರಿಗೆ ಕೆಲಸ ಕೊಡಬೇಕಾಗಿತ್ತು. ಅದಕ್ಕೆ ಅಚ್ಚುಕೂಟ, ಹೆಂಚಿನ ಕಾರ್ಖಾನೆ, ನೇಯ್ಗೆ. 1851ರಲ್ಲಿ ಜಾನ್ ಹಾಲರ್ ಎಂಬ ನೇಕಾರ ಯೂರೋಪಿನಿಂದ ಬಂದು ಬಲ್ಮಠದ ನೇಯ್ಗೆ ಶಾಲೆಯಲ್ಲಿ ಹೊಸ ಬಗೆಯ ಮಗ್ಗ ಹೂಡಿದ. ಬಣ್ಣದ ಪ್ರಯೋಗಗಳನ್ನೂ ಮಾಡಿದ. ಮಣ್ಣಿನ ಬಣ್ಣದ ಹತ್ತಿ ಬಟ್ಟೆ, ಅಂದರೆ ಖಾಕಿ, ಹೊರಬಂದದ್ದು ಅಲ್ಲಿಂದಲೇ ಅನ್ನುತ್ತದೆ ಮಿಷನ್ನಿನ ಇತಿಹಾಸ.

ಖಾಕಿಗೆ ಇನ್ನೊಬ್ಬ ಹಕ್ಕುದಾರನೂ ಇದ್ದಾನೆ. ಪೇಶಾವರದಲ್ಲಿ 1840ರ ದಶಕದ ಕೊನೆಗೆ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ತನ್ನ ‘ಗೈಡ್ಸ್’ ಪಡೆಗೆ ಇಂಥದ್ದೇ ಧೂಳು ಬಣ್ಣದ ಬಟ್ಟೆ ಕೊಟ್ಟಿದ್ದ. ‘ಖಾಕ್’ ಅಂದರೆ ಪರ್ಷಿಯನ್ನಿನಲ್ಲಿ ಮಣ್ಣು, ಧೂಳು. ಗಡಿನಾಡಿನ ಧೂಳಿನಲ್ಲಿ ಅಡಗಲು ಅಲ್ಲಿ ಹುಟ್ಟಿತು, ಗಟ್ಟಿ ಬಣ್ಣದ ಒಗೆಯಬಲ್ಲ ಬಟ್ಟೆಯಾಗಿ ಮಂಗಳೂರಿನಲ್ಲಿ ನೇಯಲ್ಪಟ್ಟಿತು ಅಂತ ಎರಡನ್ನೂ ಜೋಡಿಸಿಕೊಂಡು ಓದಬಹುದು. 1902ರ ಹೊತ್ತಿಗೆ ಅದು ಬ್ರಿಟಿಷ್ ಸೈನ್ಯದ ಸೇವಾ ಸಮವಸ್ತ್ರವೇ ಆಗಿತ್ತು. ಇವತ್ತಿಗೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಮ್ಮನ್ನು ಕರೆದೊಯ್ಯುವ ಆಟೋ ಚಾಲಕರ ಮೈಮೇಲೆ ಅದೇ ಬಣ್ಣ.

ಬಾಸೆಲ್ ಮಿಷನ್ನಿನ ಮಗ್ಗಗಳು ಇನ್ನೊಂದು ಕೆಲಸವನ್ನೂ ಮಾಡಿದವು. ಅಲ್ಲಿ ಕಲಿತ ಕೈಗಳು, ಬಂದ ಹೊಸ ಮಗ್ಗ ಜಿಲ್ಲೆಯ ತುಂಬ ಹರಡಿ, ಕರಾವಳಿಯ ಸೆಕೆಗೆಂದೇ ಹೇಳಿಮಾಡಿಸಿದ ತೆಳು ಹತ್ತಿ ಸೀರೆ ಬೆಳೆಯಿತು. ಅದೇ ಉಡುಪಿ ಸೀರೆ. ಅದಕ್ಕೀಗ ಜಿ.ಐ. ಮಾನ್ಯತೆಯೂ ಇದೆ. ನೇಯುವವರು ಬೆರಳೆಣಿಕೆಗೆ ಇಳಿದಿದ್ದಾಗ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥವರು ಅದನ್ನು ಹಿಡಿದು ನಿಲ್ಲಿಸಿದ್ದಾರೆ. ಗೋಕರ್ಣಕ್ಕೋ ಮಲ್ಪೆಗೋ ಹೊರಟವರು ದಾರಿಯಲ್ಲಿ ಇದನ್ನು ಕೊಳ್ಳಬಹುದು. ಆದರೆ ‘ರೆಸಾರ್ಟ್ ವೇರ್’ ಅಂತ ಹುಡುಕಿದರೆ ಇದು ಸಿಗುವುದಿಲ್ಲ.

ಶುಕ್ರವಾರ ಬಂದದ್ದು ಹವಾಯಿಯಿಂದ

ಈಗ ಖಾಕಿಯನ್ನು ಹಿಂಬಾಲಿಸಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಬರೋಣ. ದಾರಿ ಸ್ವಲ್ಪ ಸುತ್ತು, ಹವಾಯಿ ದ್ವೀಪದ ಮೇಲೆ ಹಾದುಹೋಗುತ್ತೆ.

ಹವಾಯಿಯ ಕಬ್ಬಿನ ತೋಟಗಳಲ್ಲಿ ಜಪಾನಿ, ಚೀನೀ, ಫಿಲಿಪೀನೋ ಕೂಲಿಗಳು ದುಡಿಯುತ್ತಿದ್ದರು. ಚೌಕಳಿ ಹತ್ತಿಯ ಸಡಿಲ ಅಂಗಿ, ಪ್ಯಾಂಟಿನ ಹೊರಗೆ ಬಿಟ್ಟು ಹಾಕುವ ಅಂಗಿ, ಹೀಗೆ ಅವರವರ ಊರಿನ ಉಡುಪುಗಳೆಲ್ಲ ಅಲ್ಲಿ ಬೆರೆತವು. ಜಪಾನಿ ಕಿಮೋನೋ ಬಟ್ಟೆಯಲ್ಲಿ ದರ್ಜಿಗಳು ಹೂವಿನ ಅಂಗಿ ಹೊಲಿಯತೊಡಗಿದರು. ಹೊನೊಲುಲುವಿನ ವ್ಯಾಪಾರಿ ಎಲರಿ ಚನ್ 1930ರ ದಶಕದಲ್ಲಿ ‘ಅಲೋಹಾ’ ಎಂಬ ಹೆಸರನ್ನೇ ನೋಂದಾಯಿಸಿಕೊಂಡ. ಹಡಗಿನಲ್ಲಿ ಬಂದ ಅಮೆರಿಕನ್ ಪ್ರವಾಸಿಗರು ಅದನ್ನು ಕೊಂಡು ಮನೆಗೆ ಹೋದರು. ಹೆಂಗಸರ ‘ಮುಮು’ ಗೌನಿನ ಕಥೆಯೂ ಹೀಗೇ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿ ಹೆಂಗಸರು ಮೈ ಮುಚ್ಚಿಸಲು ತಂದ ದೊಗಲೆ ನಿಲುವಂಗಿ ಮುಂದೆ ತೆಳುವಾಗಿ, ಹೂವಾಗಿ, ರಜದ ಉಡುಪಾಯಿತು. ನೋಡಲು ಹೇಗಿರುತ್ತೆ ಅಂದರೆ, ನಮ್ಮ ನೈಟಿ ಥರ.

1960ರ ದಶಕದಲ್ಲಿ ಹವಾಯಿಯ ಬಟ್ಟೆ ತಯಾರಕರು ಸೇರಿ ಶಾಸಕರಿಗೆಲ್ಲ ಅಲೋಹಾ ಶರ್ಟ್ ಹಂಚಿದರು. ಬೇಸಿಗೆಯಲ್ಲಿ ಕೋಟು-ಟೈ ಯಾಕೆ ಬೇಕು, ವಾರದಲ್ಲಿ ಒಂದು ದಿನವಾದರೂ ಇದನ್ನು ಹಾಕಲು ಬಿಡಿ ಅನ್ನುವುದು ಬೇಡಿಕೆ. 1966ರಲ್ಲಿ ‘ಅಲೋಹಾ ಫ್ರೈಡೇ’ ಶುರುವಾಯಿತು. ಅದು ನಿಧಾನಕ್ಕೆ ಅಮೆರಿಕದ ಮುಖ್ಯ ಭೂಮಿಗೆ ದಾಟಿ ‘ಕ್ಯಾಶುಯಲ್ ಫ್ರೈಡೇ’ ಆಯಿತು. 1992ರಲ್ಲಿ ಲೀವೈಸ್ ಕಂಪನಿ ತನ್ನ ‘ಡಾಕರ್ಸ್’ ಪ್ಯಾಂಟು ಮಾರಲು, ಆಫೀಸಿಗೆ ಕ್ಯಾಶುಯಲ್ ಬಟ್ಟೆ ಹೇಗೆ ಹಾಕಬೇಕು ಅಂತ ಒಂದು ಕೈಪಿಡಿ ಅಚ್ಚುಹಾಕಿಸಿ ಸುಮಾರು 25,000 ಎಚ್.ಆರ್. ಮ್ಯಾನೇಜರುಗಳಿಗೆ ಅಂಚೆಯಲ್ಲಿ ಕಳಿಸಿತು. ಆ ಕೈಪಿಡಿಯ ನಾಯಕ ಯಾರು? ಖಾಕಿ ಪ್ಯಾಂಟು.

ಅಂದರೆ ಮೇಲೆ ಹವಾಯಿಯ ಕೂಲಿಯವರ ಅಂಗಿಯ ವಂಶಸ್ಥ, ಕೆಳಗೆ ಪೇಶಾವರ-ಮಂಗಳೂರಿನ ಪ್ಯಾಂಟು. ಕ್ಯಾಶುಯಲ್ ಫ್ರೈಡೇ ನಮಗೆ ಅಮೆರಿಕದಿಂದ ಬಂತು ಅಂತ ಅಂದುಕೊಂಡಿದ್ದೇವೆ. ಹುಟ್ಟಿದ್ದು ಮಾತ್ರ ಸೆಕೆಯ ಸೀಮೆಯಲ್ಲಿ.

ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ನೇತೃತ್ವದಲ್ಲಿ 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ಇದೆಲ್ಲ ಯಾರ ತಲೆಯಲ್ಲೂ ಇರಲಿಲ್ಲ. 1990ರ ದಶಕದಲ್ಲಿ ಸಾಫ್ಟ್‌ವೇರ್ ಬಂತು, ಜೊತೆಗೆ ಟೈ ಬಂತು. ಎದುರಿಗೆ ಕೂತವರು ಈಗ ನ್ಯೂಯಾರ್ಕಿನವರು, ಫ್ರಾಂಕ್‌ಫರ್ಟಿನವರು. ದೇವರಾಯನ ಕಬಾಯಿಯ ಲೆಕ್ಕವೇ ಇಲ್ಲೂ ನಡೆಯಿತು. ರಾಗಿ ಹೊಲದ ನಡುವೆ ಎದ್ದ ಗಾಜಿನ ಕಟ್ಟಡದೊಳಗೆ ಹುಡುಗರು ಟೈ ಕಟ್ಟಿಕೊಂಡು ಕೂತರು. 2015ರ ಜೂನ್‌ನಲ್ಲಿ ಇನ್ಫೋಸಿಸ್ ವಾರದ ದಿನಗಳಲ್ಲೂ ಫಾರ್ಮಲ್ ಉಡುಪಿನ ನಿಯಮ ಸಡಿಲಿಸಿದಾಗ ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿಯಾಗಿ ಬರೆದವು ಅಂದರೆ, ಟೈ ಎಷ್ಟು ಬಿಗಿಯಾಗಿತ್ತು ಅಂತ ಊಹಿಸಿಕೊಳ್ಳಿ.

ಬಟ್ಟೆಗೆ ತಕ್ಕಂತೆ ಎ.ಸಿ.ಯೂ ಓಡಬೇಕು. ಆಫೀಸಿನ ತಂಪನ್ನು ಲೆಕ್ಕ ಹಾಕುವ ಹಳೆಯ ಸೂತ್ರದಲ್ಲಿ ಮಾದರಿಯಾಗಿ ಇಟ್ಟುಕೊಂಡದ್ದು 40 ವರ್ಷ ವಯಸ್ಸಿನ, 70 ಕೆ.ಜಿ. ತೂಕದ ಗಂಡಸನ್ನು ಅಂತ 2015ರಲ್ಲಿ ಇಬ್ಬರು ಡಚ್ ಸಂಶೋಧಕರು ತೋರಿಸಿದರು. ಪಕ್ಕದ ಸೀಟಿನ ಹುಡುಗಿ ಮೇ ತಿಂಗಳಲ್ಲೂ ಶಾಲು ಹೊದ್ದು ಕೂತಿರುವುದಕ್ಕೆ ಕಾರಣ ಅದರಲ್ಲಿದೆ. ಜಪಾನ್ ಸರ್ಕಾರ 2005ರಲ್ಲಿ ‘ಕೂಲ್ ಬಿಜ್’ ಅಂತ ಒಂದು ಅಭಿಯಾನ ಮಾಡಿತು: ಬೇಸಿಗೆಯಲ್ಲಿ ಟೈ, ಕೋಟು ಬೇಡ, ಎ.ಸಿ. 28 ಡಿಗ್ರಿಗೆ ಇಡಿ. ಬಟ್ಟೆ ಕಡಿಮೆ ಮಾಡಿ ಕರೆಂಟು ಉಳಿಸಿ ಅಂತ. ನಾವು 18ಕ್ಕೆ ಇಟ್ಟು ಹುಡಿ ಹಾಕಿಕೊಳ್ಳುತ್ತೇವೆ.

ಬಾಗಿಲಲ್ಲಿ ನಿಂತ ಪಂಚೆ

ಆರಾಮದ ಬಟ್ಟೆಯನ್ನು ಸಮುದ್ರ ತೀರದಲ್ಲಿ ಮೆಚ್ಚುವ ನಾವು ಊರಿನೊಳಗೆ ಅದನ್ನು ಹೇಗೆ ನೋಡುತ್ತೇವೆ? 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣವೊಂದರಲ್ಲಿ, ಬಟ್ಟೆ ಸರಿಯಿಲ್ಲ ಅಂತ ತಲೆಮೇಲೆ ಗಂಟು ಹೊತ್ತ ರೈತರೊಬ್ಬರನ್ನು ತಡೆದರು. ಕೈಯಲ್ಲಿ ಟಿಕೆಟ್ ಇತ್ತು. ಸಹಪ್ರಯಾಣಿಕರು ಜಗಳಕ್ಕೆ ನಿಂತರು, ವಿಡಿಯೋ ಹರಿದಾಡಿತು, ತಡೆದ ಮೇಲ್ವಿಚಾರಕನ ಕೆಲಸ ಹೋಯಿತು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರನ್ನು ಪಂಚೆ ಉಟ್ಟಿದ್ದಾರೆ ಎಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಗೆ ಹೋಗಿ, ಮಾಲ್ ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು.

ತಮಿಳುನಾಡಿನಲ್ಲಿ ಹತ್ತು ವರ್ಷ ಮೊದಲೇ, 2014ರಲ್ಲಿ, ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಚೆನ್ನೈನ ಕ್ಲಬ್ಬೊಂದು ಬಾಗಿಲಲ್ಲಿ ನಿಲ್ಲಿಸಿತ್ತು. ಸುಮಾರು ಒಂದು ತಿಂಗಳಲ್ಲಿ ಅಲ್ಲಿನ ವಿಧಾನಸಭೆ ಇಂಥ ನಿರ್ಬಂಧದ ವಿರುದ್ಧ ಕಾಯ್ದೆ ಮಾಡಿತು. ನೈಟಿಯ ಪಾಡೂ ಹೀಗೇ. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಎಂಬ ಹಳ್ಳಿಯಲ್ಲಿ ಹಗಲು ಹೊತ್ತು ನೈಟಿ ಹಾಕಿ ಹೊರಗೆ ಓಡಾಡಿದರೆ 2,000 ರೂಪಾಯಿ ದಂಡ ಅಂತ ಹಿರಿಯರು ತೀರ್ಮಾನಿಸಿದ್ದರು.

ಈಗ ಜೋಡಿಸಿ ನೋಡಿ. ಸೊಂಟಕ್ಕೆ ಸುತ್ತುವ ಬಟ್ಟೆಗೆ ಬಾಲಿಯಲ್ಲಿ ಸರೋಂಗ್ ಅಂತ ಹೆಸರು, ಫೋಟೋಗೆ ಸಾವಿರ ಲೈಕು. ಮಾಗಡಿ ರಸ್ತೆಯಲ್ಲಿ ಅದು ಪಂಚೆ, ಒಳಗೆ ಪ್ರವೇಶವಿಲ್ಲ. ಮ್ಯಾಕ್ಸಿ ಡ್ರೆಸ್ ಹಾಕಿ ಬೀಚಿನಲ್ಲಿ ನಡೆದರೆ ಸ್ಟೈಲು, ಹೆಚ್ಚುಕಡಿಮೆ ಅದೇ ಕತ್ತರಿಯ ನೈಟಿ ಹಾಕಿ ಹಾಲು ತರಲು ಹೋದರೆ ಮರ್ಯಾದೆಗೇಡು. ಬಟ್ಟೆಯ ನೂಲು, ಅಳತೆ ಯಾವುದೂ ಬದಲಾಗಿಲ್ಲ. ಹಾಕಿಕೊಂಡವರ ಹತ್ತಿರ ರಿಟರ್ನ್ ಟಿಕೆಟ್ ಇದೆಯಾ ಅನ್ನುವುದಷ್ಟೇ ಬದಲಾಗಿದೆ.

ವ್ಯಂಗ್ಯ ಅಂದರೆ ಗೋಕರ್ಣದಲ್ಲಿ ಇದು ತಿರುಗುಮುರುಗು. ಮಹಾಬಲೇಶ್ವರ ದೇವಸ್ಥಾನದಲ್ಲಿ ಗಂಡಸರು ಅಂಗಿ ಕಳಚಿ ಪಂಚೆ ಉಡಬೇಕು. ಜೀನ್ಸ್ ಹಾಕಿದ ಇಂಜಿನಿಯರು ರಥಬೀದಿಯ ಅಂಗಡಿಯಲ್ಲಿ ಪಂಚೆ ಕೊಂಡು, ಅಂಗಡಿಯವರ ಹತ್ತಿರವೇ ಉಡಿಸಿಕೊಳ್ಳುವ ದೃಶ್ಯ ಅಲ್ಲಿ ದಿನಾ ಕಾಣಸಿಗುತ್ತೆ.

ಹೊಸೂರು ರಸ್ತೆಯ ಹೊಲಿಗೆ

ಇನ್ನೊಂದು ಕೊಂಡಿ ಉಳಿದಿದೆ. ರಜಕ್ಕೆ ಕೊಂಡ ಶರ್ಟಿನ ಲೇಬಲ್ಲಿನಲ್ಲಿ ಬ್ರ್ಯಾಂಡ್ ಯಾವ ದೇಶದ್ದೇ ಇರಲಿ, ಹೊಲಿದದ್ದು ನಿಮ್ಮ ಕ್ಯಾಬ್ ದಿನಾ ಹಾದುಹೋಗುವ ರಸ್ತೆಯ ಪಕ್ಕದಲ್ಲೇ ಇರಬಹುದು. ಬೊಮ್ಮನಹಳ್ಳಿಯಿಂದ ಹೆಬ್ಬಗೋಡಿಯವರೆಗೆ, ಆ ಕಡೆ ಪೀಣ್ಯದಲ್ಲಿ, ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಜಗತ್ತಿನ ದೊಡ್ಡ ಬ್ರ್ಯಾಂಡುಗಳಿಗೆ ಹೊಲಿಯುತ್ತವೆ. ಮೆಷಿನ್ ಮುಂದೆ ಕೂತವರಲ್ಲಿ ಬಹುಪಾಲು ಹೆಂಗಸರು. ಮಂಡ್ಯ, ರಾಮನಗರ, ತುಮಕೂರಿನ ಹಳ್ಳಿಗಳಿಂದ ಬಂದವರು, ಈಗೀಗ ಒಡಿಶಾ, ಜಾರ್ಖಂಡಿನಿಂದ ಬಂದವರು.

ಇವರು ಒಮ್ಮೆ ನಮ್ಮ ಕಣ್ಣಿಗೆ ಬಿದ್ದದ್ದು 2016ರ ಏಪ್ರಿಲ್ 18 ಮತ್ತು 19ರಂದು. ಪಿ.ಎಫ್.ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಕೆಲಸ ಬಿಟ್ಟಾಗ ಕೈಗೆ ಸಿಗುವ ಆ ದುಡ್ಡೇ ಮಗಳ ಮದುವೆಗೆ, ಮಗನ ಫೀಸಿಗೆ, ಊರಿನ ಸಾಲಕ್ಕೆ ಅಂತ ಇದ್ದವರು ಅವರು. ದೊಡ್ಡ ಸಂಘಟನೆಗಳ ಕರೆಗೂ ಕಾಯದೆ ಸಾವಿರಾರು ಹೆಂಗಸರು ಮೆಷಿನ್ ಬಿಟ್ಟು ಹೊಸೂರು ರಸ್ತೆಯಲ್ಲಿ ಕೂತರು. ಲಾಠಿ, ಅಶ್ರುವಾಯು, ಹೆಬ್ಬಗೋಡಿಯಲ್ಲಿ ಸುಟ್ಟ ವಾಹನಗಳು. ಎರಡನೇ ದಿನ ಸಂಜೆಯೊಳಗೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ಸು ತೆಗೆದುಕೊಂಡಿತು. ಇಡೀ ದೇಶದ ಪಿ.ಎಫ್. ಚಂದಾದಾರರಿಗೆ, ಅಂದರೆ ನನಗೂ ನಿಮಗೂ, ಅದರ ಲಾಭ ಸಿಕ್ಕಿತು. ಆ ಎರಡು ದಿನ ಎಲೆಕ್ಟ್ರಾನಿಕ್ ಸಿಟಿಯ ಬಹಳ ಜನರಿಗೆ ನೆನಪಿರುವುದು ಟ್ರಾಫಿಕ್ ಜಾಮ್ ಆಗಿ ಮಾತ್ರ.

ಬಾಲಿಗೆ ಹೋಗುವ ಅಂಗಿಯನ್ನು ಹೊಲಿಯುವವರಿಗೆ ಅದನ್ನು ಹಾಕಿಕೊಳ್ಳುವ ರಜ ಇಲ್ಲ. ಹವಾಯಿಯ ಕಬ್ಬಿನ ತೋಟದಲ್ಲೂ ಇದೇ ಆಗಿತ್ತು.

ಹಾಗಾದರೆ ಬ್ಯಾಗಿಗೆ ಏನು ಹಾಕೋದು?

ಇಷ್ಟು ಓದಿದ ಮೇಲೆ ಪಟ್ಟಿ ಕೊಡದಿದ್ದರೆ ನೀವು ಬಿಡುವುದಿಲ್ಲ. ನೂಲಿನ ಲೆಕ್ಕ ಮೊದಲು ತಿಳಿದುಕೊಳ್ಳಿ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8.5 ಶೇಕಡಾ ತೇವ ಹೀರಿಟ್ಟುಕೊಳ್ಳುತ್ತದೆ, ಲಿನನ್ ಸುಮಾರು 12 ಶೇಕಡಾ, ಪಾಲಿಯೆಸ್ಟರ್ ಅರ್ಧ ಶೇಕಡಾವೂ ಇಲ್ಲ. ಹಾಗಂತ ದಪ್ಪ ಹತ್ತಿ ಒಳ್ಳೆಯದಲ್ಲ. ನೆಂದ ಜೀನ್ಸ್ ಕರಾವಳಿಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಅದೂ ಹತ್ತಿಯೇ. ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ನೇಯ್ಗೆಯ ನಡುವೆ ಬೆಳಕು ನುಸುಳಿದರೆ ಗಾಳಿಯೂ ನುಸುಳುತ್ತದೆ. ‘ಲಿನನ್ ಫೀಲ್’, ‘ಲಿನನ್ ಬ್ಲೆಂಡ್’ ಅಂತ ಬರೆದಿದ್ದರೆ ಒಳಗಿನ ಚೀಟಿಯಲ್ಲಿ ಶೇಕಡಾ ಎಷ್ಟು ಅಂತ ಓದಿ, ಬಹಳ ಸಲ ಅಲ್ಲಿರುವುದು ಪಾಲಿಯೆಸ್ಟರ್. ಅಳತೆ ಒಂದು ಸೈಜು ದೊಡ್ಡದಿರಲಿ. ಮಧ್ಯಾಹ್ನ ಬೀಚಿನಲ್ಲಿ ಸುತ್ತುವುದಾದರೆ ತೆಳು ಉದ್ದ ತೋಳು ಅರ್ಧ ತೋಳಿಗಿಂತ ಮೇಲು, ಚರ್ಮ ಸುಡುವುದಿಲ್ಲ.

ಒಂದು ಪಂಚೆ ಇಟ್ಟುಕೊಳ್ಳಿ. ಹೆಂಗಸರೂ ಇಟ್ಟುಕೊಳ್ಳಬಹುದು, ಹಾಸಲು, ಹೊದೆಯಲು, ನೆರಳಿಗೆ ಕಟ್ಟಲು ಅದಕ್ಕಿಂತ ಹಗುರವಾದದ್ದು ಬೇರೆ ಇಲ್ಲ. ಒಂದು ಬೈರಾಸು. ಸಾಧ್ಯವಾದರೆ ಕೈಮಗ್ಗದ್ದು. ನಂಜನಗೂಡಿನ ಹತ್ತಿರ, 1927ರಲ್ಲಿ ಗಾಂಧೀಜಿ ಬಂದುಹೋದ ಬದನವಾಳಿನಂಥ ಖಾದಿ ಕೇಂದ್ರಗಳ ಮಾಲು, ಉಡುಪಿ ಕಡೆಯ ಹತ್ತಿ, ಯಾವುದಾದರೂ ಸರಿ. ಬೆಲೆ ಮಾಲ್‌ನ ಲಿನನ್ ಶರ್ಟಿಗಿಂತ ಜಾಸ್ತಿಯೇನೂ ಆಗುವುದಿಲ್ಲ.

ವಾಪಸ್ಸು ಬಂದ ಮೇಲೆ ಅದನ್ನು ಒಗೆದು ಬೀರುವಿನ ಮೇಲಟ್ಟಕ್ಕೆ ಏರಿಸಬೇಡಿ. ಬೆಂಗಳೂರಿನ ಏಪ್ರಿಲ್ ಈಗ ಮೊದಲಿನ ಹಾಗಿಲ್ಲ. ಶನಿವಾರ ಪಂಚೆ ಉಟ್ಟುಕೊಂಡು ನಿಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿಗೆ, ಎದುರಿನ ಮಾಲ್‌ಗೆ ಒಮ್ಮೆ ಹೋಗಿ ಬನ್ನಿ. ಬಾಗಿಲಲ್ಲಿ ಯಾರಾದರೂ ತಡೆದರೆ, ಕೊರಳಿನ ಐ.ಡಿ. ಕಾರ್ಡ್ ತೋರಿಸದೆ, ಯಾವ ನಿಯಮ ಅಂತ ಕೇಳಿ. ಹಾವೇರಿಯಿಂದ ಬಂದವರ ಜೊತೆ ಅವತ್ತು ಮಗ ಇದ್ದರು. ಮುಂದಿನ ಸಲ ಬರುವವರು ಒಬ್ಬರೇ ಇರಬಹುದು.